ಮೂರು ತಂತಿಗಳ ಮಹಾರಾಜ

ಸೆಪ್ಟೆಂಬರ್ ೨, ಮಂಗಳವಾರ

ನನ್ನ ಎದೆಯೊಳಗಿನ ತಂತಿಗಳನ್ನು ಕಿತ್ತು ತೆಗೆಯಬೇಕಂತೆ. ಯಾರ ಎದೆ? ಮೈಕಿನ ಹಂಗಿಲ್ಲದೆ ಹಿಂದಿನ ಸಾಲಿನಲ್ಲಿ ತೂಕಡಿಸುವವನನ್ನೂ ಬೆಚ್ಚಿಬೀಳಿಸಿದ ಎದೆ! ಹೇಳಿದವರಾರು? ನನ್ನ ಭುಜದ ಎತ್ತರಕ್ಕೂ ಬಾರದ, ತುರುಬಿಗೆ ಪೆನ್ನು ಸಿಕ್ಕಿಸಿಕೊಂಡ ಒಬ್ಬ ಡಾಕ್ಟರಮ್ಮ. ಆಕೆಯ ಎದುರು ಕೂತಿದ್ದೆ, ಎದ್ದೆ, ಕಿಟಕಿಯವರೆಗೆ ಹೋದೆ, ತಿರುಗಿ ಬಂದೆ, ಮತ್ತೆ ಕಿಟಕಿಗೆ ಹೋದೆ. ಆಕೆ ಸುಮ್ಮನೆ ಕಾದರು. ನನ್ನ ನಡಿಗೆಗೆ ಚಪ್ಪಾಳೆ ಹೊಡೆಯದೆ ಇಷ್ಟು ಹೊತ್ತು ಕಾದವರನ್ನು ನಾನು ಕಂಡಿಲ್ಲ.

ಹನ್ನೊಂದು ವರ್ಷದ ಹಿಂದೆ ನನ್ನ ಹೃದಯ ತನ್ನ ತಾಳ ಮರೆತಿತ್ತು. ಆಗ ಎಡ ಹೆಗಲ ಮೂಳೆಯ ಕೆಳಗೆ, ಚರ್ಮದ ಅಡಿಯಲ್ಲಿ, ಪುಟ್ಟ ಪೆಟ್ಟಿಗೆಯೊಂದನ್ನು ಇಟ್ಟರು. ಪೇಸ್‌ಮೇಕರ್. ಅದರಿಂದ ಹೊರಟ ಎರಡು ತಂತಿಗಳು ರಕ್ತನಾಳದೊಳಗೆ ಇಳಿದು ಹೃದಯ ಸೇರಿ, ಬಡಿ ಬಡಿ ಎಂದು ಅದಕ್ಕೆ ಅಪ್ಪಣೆ ಕೊಡುತ್ತವೆ. ಐದು ವರ್ಷದ ಹಿಂದೆ ಒಂದು ತಂತಿಯ ಹೊದಿಕೆ ಬಿರುಕುಬಿಟ್ಟಿತು. ಆಗಿನ ಡಾಕ್ಟರು ಅದರ ಬಾಯಿಗೆ ಮುಚ್ಚಳ ಹಾಕಿ ಒಳಗೇ ಬಿಟ್ಟರು, ಪಕ್ಕದಲ್ಲಿ ಹೊಸದೊಂದನ್ನು ತೂರಿಸಿದರು. ಹೀಗೆ ಒಂದೇ ಓಣಿಯಲ್ಲಿ ಮೂರು ತಂತಿಗಳ ಸಂಸಾರ. ಈಗ ಆ ಹೊಸದೂ ಆಗಾಗ ಕೈಕೊಡುತ್ತಿದೆ. ಪೆಟ್ಟಿಗೆಯ ಬ್ಯಾಟರಿಯೂ ಮುಗಿಯುತ್ತ ಬಂದಿದೆ.

ಅಡಿಯಲ್ಲಿ ನನ್ನದೇ ತಾಳ ಏನಾದರೂ ಉಳಿದಿದೆಯೇ ಎಂದು ನೋಡಲು ಯಂತ್ರದ ಮುಂದೆ ಕೂತವಳು ಪೆಟ್ಟಿಗೆಯನ್ನು ನಿಧಾನ ಮಾಡಿದಳು. ಏನೂ ಉಳಿದಿರಲಿಲ್ಲ. ಕೋಣೆಯ ಗೋಡೆಗಳು ಹತ್ತಿರ ಬಂದವು, ಕಣ್ಣ ಮುಂದೆ ಪರದೆ ಬಿತ್ತು. ಅವಳು ಗುಂಡಿ ಒತ್ತಿದಳು, ಪರದೆ ಮೇಲೇರಿತು. ನೋಡಿಕೊಂಡರೆ ಅಂಗಿ ಬೆವರಿನಲ್ಲಿ ಒದ್ದೆ.

ಡಾಕ್ಟರಮ್ಮ ವಿವರಿಸಿದರು. ಇಷ್ಟು ವರ್ಷಗಳಲ್ಲಿ ತಂತಿಗಳು ರಕ್ತನಾಳದ ಗೋಡೆಗೆ ಬೆಸೆದುಕೊಂಡಿರುತ್ತವೆ. ಎಳೆದರೆ ಬರುವಂಥವಲ್ಲ, ಬಿಡಿಸಿ ಬಿಡಿಸಿ ತೆಗೆಯಬೇಕು. ನೂರರಲ್ಲಿ ಒಬ್ಬಿಬ್ಬರಿಗೆ ನಾಳವೋ ಹೃದಯವೋ ಹರಿಯಬಹುದು. ಅದಕ್ಕೆಂದೇ ಎದೆ ತೆರೆಯುವ ಸರ್ಜನ್ ಪಕ್ಕದಲ್ಲಿ ಕೈ ತೊಳೆದುಕೊಂಡು ನಿಂತಿರುತ್ತಾರೆ. ಒಂದೊಂದು ವರ್ಷ ತಡವಾದಂತೆ ಬಿಗಿ ಹೆಚ್ಚುತ್ತದೆ. ನಾಲ್ಕನೆಯ ತಂತಿಗೆ ಜಾಗವಿಲ್ಲ. ನೂರು ಜನ ಸೈನಿಕರಲ್ಲಿ ತೊಂಬತ್ತೊಂಬತ್ತು ಮಂದಿ ಸತ್ತರೂ ಕೊನೆಯ ಅಂಕಕ್ಕೆ ನಾನು ತಪ್ಪದೆ ಬಂದಿದ್ದೇನೆ ತಾಯಿ, ಎಂದೆ. ಆಕೆ ನಗಲಿಲ್ಲ.

"ಇವತ್ತೇ ಆಗಬೇಕು ಅಂತಿಲ್ಲ," ಎಂದರು. "ಚರ್ಮ ಚೆನ್ನಾಗಿರೋ ತನಕ, ಜ್ವರ ಇಲ್ಲದಿರೋ ತನಕ, ದಿನ ನಾವು ಗೊತ್ತುಮಾಡಬಹುದು. ಸೋಂಕು ಒಳಗೆ ಹೋಯ್ತು ಅಂದ್ರೆ ದಿನ ಅದೇ ಗೊತ್ತುಮಾಡುತ್ತೆ."

ಇಪ್ಪತ್ತನೇ ತಾರೀಖು ಹೊಸ ನಾಟಕದ ಮೊದಲ ಆಟ. ಮುಂದಿನ ತಿಂಗಳ ಕೊನೆಯವರೆಗೂ ಆಟಗಳಿವೆ. ಅದು ಮುಗಿಯಲಿ ಎಂದೆ. ಎರಡು ವಾರ ಬಿಟ್ಟು ತೋರಿಸಿ, ಎಲ್ಲ ಸರಿಯಿದ್ದರೆ ಒಪ್ಪುತ್ತೇನೆ ಎಂದರು.

ಮನೆಯಲ್ಲಿ ಇವಳಿಗೆ ಬ್ಯಾಟರಿ ಬದಲಾವಣೆ ಎಂದಷ್ಟೇ ಹೇಳಿದೆ. "ಅಷ್ಟೇನಾ?" ಎಂದಳು. ಅಷ್ಟೇ, ಎಂದೆ. ತಂತಿಯ ಸುದ್ದಿ ಹೇಳಿದರೆ ನಾಳೆಯೇ ನನ್ನನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ ಬರುವ ಹೆಂಡತಿ ಅವಳು.

ಸೆಪ್ಟೆಂಬರ್ ೩, ಬುಧವಾರ

ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಗ್ಗೆ ಮೇಜನ್ನು ಕಿಟಕಿಯ ಹತ್ತಿರಕ್ಕೆ ಎಳೆದೆ. ಬೆಳಕು ಕಣ್ಣಿಗೆ ಚುಚ್ಚಿತು, ಗೋಡೆಗೆ ಎಳೆದೆ. ಮಧ್ಯಾಹ್ನ ಮತ್ತೆ ಕಿಟಕಿಗೆ. ನಮ್ಮ ಮನೆಯೆಂದರೆ ಕಂಪನಿಯ ವೇಷದ ಕೋಣೆಯ ಮೇಲಿನ ಎರಡು ರೂಮು. ಕೆಳಗೆ ಕೂತವರಿಗೆ ನೆತ್ತಿಯ ಮೇಲೆ ಯುದ್ಧ ನಡೆದಂತೆ ಕೇಳಿಸಿರಬೇಕು. ಕುಳ್ಳ ಮೇಲೆ ಬಂದು ಇಣುಕಿದ. "ಭಾವ, ಮೇಜು ಹೊರಗೆ ಹೋಗ್ತಿದೆಯೋ ನೀವು ಹೋಗ್ತಿದೀರೋ?" ಎಂದ.

ಕುಳ್ಳ ಇವಳ ತಮ್ಮ. ನಾಟಕದಲ್ಲಿ ನನ್ನ ಮಂತ್ರಿ. ನನಗೆ ಏನಾದರೂ ಆದರೆ ನನ್ನ ಪಾತ್ರಕ್ಕೂ ಅವನೇ ಬದಲಿ. ನನಗೆ ಏನೂ ಆಗುವುದಿಲ್ಲವಾದ್ದರಿಂದ ಅವನು ಇಪ್ಪತ್ತು ವರ್ಷದಿಂದ ಮಂತ್ರಿಯಾಗಿಯೇ ಇದ್ದಾನೆ.

ಇವಳು ಪ್ರಾಂಪ್ಟರ್. ಸೈಡ್‌ವಿಂಗಿನ ಕತ್ತಲಲ್ಲಿ ಸ್ಟೂಲು ಹಾಕಿಕೊಂಡು, ಯಾರು ಮಾತು ಮರೆತರೂ ಅವರಿಗಷ್ಟೇ ಕೇಳುವಂತೆ ಎತ್ತಿಕೊಡುತ್ತಾಳೆ. ಮೂವತ್ತು ವರ್ಷದಲ್ಲಿ ಪ್ರೇಕ್ಷಕರೊಬ್ಬರೂ ಅವಳ ದನಿ ಕೇಳಿಲ್ಲ. ಮನೆಯಲ್ಲಿಯೂ ಅಷ್ಟೇ, ಮಾತು ಕಡಿಮೆ. ಒಂದು ಮನೆಗೆ ಒಂದು ಗಂಟಲು ಸಾಕಲ್ಲ.

ಸೆಪ್ಟೆಂಬರ್ ೭, ಭಾನುವಾರ

ಎದೆಗವಚ ಬಂತು! ಚರ್ಮದ್ದು, ಹಿತ್ತಾಳೆಯ ಗುಬಟುಗಳ ಸಾಲು ಸಾಲು. ತೊಟ್ಟು ಕನ್ನಡಿಯ ಮುಂದೆ ನಿಂತೆ. ಆಹಾ, ರಾಜ್ಯ ಕಳೆದುಕೊಂಡು ತನ್ನದೇ ಕೋಟೆಯ ಬಾಗಿಲಲ್ಲಿ ನಿಂತ ಮಹಾರಾಜನೆಂದರೆ ಹೀಗಿರಬೇಕು. ಎಡ ಹೆಗಲಿನ ಪಟ್ಟಿ ಮಾತ್ರ ಸರಿಯಾಗಿ ಪೆಟ್ಟಿಗೆಯ ಮೇಲೇ ಹಾಯುತ್ತದೆ. ಕೈ ಎತ್ತಿ ಘರ್ಜಿಸಿದಾಗೆಲ್ಲ ಉಜ್ಜುತ್ತದೆ.

ಕುಳ್ಳ ಬಟ್ಟೆಯ ಕವಚ ಹೊಲಿಸೋಣ, ದೂರಕ್ಕೆ ಯಾರಿಗೂ ಗೊತ್ತಾಗಲ್ಲ ಎಂದ. ಬಟ್ಟೆಯ ಕವಚ ತೊಟ್ಟ ಮಹಾರಾಜ ದಿಂಬಿನ ಹಾಗೆ ಕಾಣುತ್ತಾನೆ ಎಂದು ಅವನ ಬಾಯಿ ಮುಚ್ಚಿಸಿದೆ. ಪಾತ್ರದ ಮೇಲೆ ಕಣ್ಣಿದೆಯೇನೋ ಎಂದೂ ಕೇಳಿದೆ. "ನಿಮ್ಮ ಕಿರೀಟ ನಂಗೆ ಕತ್ತಿನ ತನಕ ಇಳಿಯುತ್ತೆ ಭಾವ, ಹೆದರಬೇಡಿ," ಎಂದ.

ತಾಲೀಮು ಭರ್ಜರಿ. ಗಂಟಲು ತೆರೆದರೆ ತಗಡಿನ ಮಾಡು ನಡುಗಿತು.

ಸೆಪ್ಟೆಂಬರ್ ೧೨, ಶುಕ್ರವಾರ

ಪಟ್ಟಿ ಉಜ್ಜಿದ ಜಾಗ ಕೆಂಪಾಗಿದೆ. ನಾಣ್ಯದಷ್ಟು. ಮುಟ್ಟಿದರೆ ಬಿಸಿ. ಹೊಸ ಚಪ್ಪಲಿ ಕಚ್ಚುವುದಿಲ್ಲವೇ, ಹಾಗೆಯೇ ಹೊಸ ಕವಚ. ಮುಲಾಮು ಹಚ್ಚಿದ್ದೇನೆ.

ಮಧ್ಯಾಹ್ನ ತಾಲೀಮಿನ ನಡುವೆ ಮೈ ನಡುಗುವಷ್ಟು ಚಳಿ. ಫ್ಯಾನು ತಿರುಗಿಸುವ ರಭಸ ನೋಡಿ! ಫ್ಯಾನು ಹಾಕಿದವನಿಗೆ ನಾಲ್ಕು ಮಾತು ಬೈದೆ, ಅವು ಹೊಸ ನಾಟಕದ ಮಾತುಗಳೇ ಆದ್ದರಿಂದ ತಾಲೀಮೂ ಆಯಿತು. ಫ್ಯಾನು ನಿಂತಿತು. ಉಳಿದವರೆಲ್ಲ ಬೆವರು ಒರೆಸಿಕೊಳ್ಳುತ್ತಿದ್ದರು. ಈ ಪೀಳಿಗೆಗೆ ಸೆಕೆ ತಡೆಯುವ ತಾಕತ್ತಿಲ್ಲ.

ಸೆಪ್ಟೆಂಬರ್ ೧೫, ಸೋಮವಾರ

ಫ್ಯಾನಿಲ್ಲದೆಯೂ ಚಳಿ. ಹಳೆಯ ಕಟ್ಟಡ, ಸಂದಿಗೊಂದಿಯಲ್ಲಿ ಗಾಳಿ.

ನಾಳೆ ಡಾಕ್ಟರಮ್ಮ ನೋಡುತ್ತಾರೆ. ಕೆಂಪು ನಾಣ್ಯ ಅಂಗೈಯಷ್ಟಾಗಿದೆ.

ಸೆಪ್ಟೆಂಬರ್ ೧೬, ಮಂಗಳವಾರ

ನನ್ನ ಜೀವಮಾನದ ಅತ್ಯುತ್ತಮ ಪ್ರದರ್ಶನ ಇಂದು ನಡೆಯಿತು, ಮತ್ತು ಅದನ್ನು ನೋಡಿದವರು ಒಬ್ಬರೇ!

ಇವಳು ಬಟ್ಟೆ ಒಣಹಾಕಲು ಹೋದಾಗ ಬಣ್ಣದ ಪೆಟ್ಟಿಗೆ ತೆರೆದೆ. ಕೆಂಪಿನ ಮೇಲೆ ನೇರವಾಗಿ ಮೈಬಣ್ಣ ಬಳಿದರೆ ಕೆಂಪು ಕೆಳಗಿನಿಂದ ಇಣುಕುತ್ತದೆ. ಕೆಂಪನ್ನು ಕೊಲ್ಲುವುದು ಹಸಿರು. ತೆಳುವಾಗಿ ಹಸಿರು, ಅದರ ಮೇಲೆ ನನ್ನ ಮೈಬಣ್ಣ, ಅಂಚುಗಳನ್ನು ಒದ್ದೆ ಬೆರಳಿನಿಂದ ಕರಗಿಸಿ, ಮೇಲೆ ಪೌಡರು. ಬಳಿದಂತೆ ಕಾಣಬಾರದೆಂದು ಸ್ಪಂಜಿನಿಂದ ತಟ್ಟಿ ತಟ್ಟಿ ಚರ್ಮದ ರಂಧ್ರಗಳನ್ನೂ ಮೂಡಿಸಿದೆ. ಒಂದೆರಡು ಎದೆಗೂದಲನ್ನು ಎಳೆದು ಮೇಲೆ ಮಲಗಿಸಿದೆ. ಒಂದು ಕಡೆ ಚುರ್ರೆಂದಿತು, ಅಲ್ಲಿ ಚರ್ಮ ಕಾಗದದಷ್ಟು ತೆಳುವಾಗಿದೆ. ಹಲ್ಲು ಕಚ್ಚಿದೆ.

ಆಸ್ಪತ್ರೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ನಿಂತೆ. ಬೆಳಕು ಹಿಂದಿನಿಂದ ಬಂದರೆ ಮುಂದಿನದೆಲ್ಲ ನೆರಳು. ಇದು ರಂಗದವರ ಲೆಕ್ಕ, ಆಸ್ಪತ್ರೆಯವರದಲ್ಲ. ಡಾಕ್ಟರಮ್ಮ ಬಾಗಿ ನೋಡಿದರು, ಮುಟ್ಟಿದರು. ಬೆಚ್ಚಗಿದೆಯಲ್ಲ ಎಂದರು. ಮೆಟ್ಟಿಲು ಹತ್ತಿ ಬಂದೆ ಎಂದೆ. ನೋವಿದೆಯೇ ಎಂದು ಒತ್ತಿದರು. ಒಳಗೆ ಕೆಂಡ ತುಳಿದಂತಾಯಿತು, ಹೊರಗೆ ಮುಗುಳ್ನಕ್ಕೆ. ಜ್ವರ, ಚಳಿ? ಏನೂ ಇಲ್ಲ. ಅಷ್ಟರಲ್ಲಿ ಯಾರೋ ಬಂದು ಆಕೆಯನ್ನು ಅವಸರದಿಂದ ಕರೆದರು. "ಹಾಗಾದ್ರೆ ಮುಂದಿನ ತಿಂಗಳ ಕೊನೆಗೆ ಇಟ್ಟುಕೊಳ್ಳೋಣ," ಎಂದು ಎದ್ದರು.

ಗೆದ್ದೆ! ಬೀದಿಯಲ್ಲಿ ಬಸ್ಸಿಗೆ ಕಾಯಲೂ ತಾಳ್ಮೆ ಸಾಲದೆ ಮೂರು ನಿಲ್ದಾಣ ನಡೆದೆ. ನಾಲ್ಕನೆಯದಕ್ಕೆ ಕಾಲು ಸೋತು ಅಂಗಡಿಯ ಕಟ್ಟೆಯ ಮೇಲೆ ಕೂತೆ. ಬಿಸಿಲು ಜಾಸ್ತಿ.

ಸೆಪ್ಟೆಂಬರ್ ೧೮, ಗುರುವಾರ

ಇವತ್ತು ಏಳೆಂಟು ಕಡೆ ಮಾತು ಕೈಕೊಟ್ಟಿತು. ನನಗೆ! ಇವಳು ಎತ್ತಿಕೊಟ್ಟಳು, ಅದೂ ಕಿವಿಗೆ ಬೀಳಲಿಲ್ಲ. ಎಲ್ಲರ ಎದುರು ತಾಲೀಮು ನಿಲ್ಲಿಸಿ ನಿನ್ನ ದನಿಗೆ ಏನಾಗಿದೆ ಎಂದು ಗದರಿದೆ.

"ನನ್ನ ದನಿ ಇದ್ದಲ್ಲೇ ಇದೆ," ಎಂದಳು. "ನಿಮ್ಮ ಕಿವಿ ಎಲ್ಲಿಗೆ ಹೋಗಿದೆ ನೋಡ್ಕೊಳ್ಳಿ."

ಯಾರೋ ಕಿಸಕ್ಕೆಂದರು. ಕುಳ್ಳನೇ ಇರಬೇಕು.

ಊಟ ಸೇರಲಿಲ್ಲ. ಇವಳು ಹಣೆ ಮುಟ್ಟಲು ಬಂದಳು, ಮುಖ ಹೊರಳಿಸಿದೆ. ಮೊದಲ ಆಟದ ಮುಂಚೆ ಹೀಗೇ ಆಗುತ್ತದೆ ಎಂದೆ. ಯಾವತ್ತೂ ಹೀಗಾಗಿರಲಿಲ್ಲ ಎಂದಳು. ಸಾಕ್ಷಿಗೆ ಮೂವತ್ತು ವರ್ಷದ ಮೊದಲ ಆಟಗಳನ್ನೆಲ್ಲ ಒಂದೊಂದಾಗಿ ಹೇಳತೊಡಗಿದಳು. ನಾನು ಎದ್ದು ಹೊರಗೆ ಹೋದೆ. ಎಲ್ಲಿಗೂ ಇಲ್ಲ, ಬೀದಿಯ ತುದಿಯವರೆಗೆ ಹೋಗಿ ಬಂದೆ, ಮತ್ತೆ ಹೋದೆ.

ಬೆಳಗ್ಗೆ ಬೆಳಗ್ಗೆ ಬಣ್ಣ ಹಚ್ಚುವುದು ಅಭ್ಯಾಸವಾಗಿದೆ. ಈಗೀಗ ಪೌಡರು ನಿಲ್ಲುತ್ತಿಲ್ಲ. ಕೆಳಗಿನಿಂದ ಒದ್ದೆಯಾಗುತ್ತದೆ.

ಸೆಪ್ಟೆಂಬರ್ ೨೧, ಭಾನುವಾರ

ಆಸ್ಪತ್ರೆಯ ಮಂಚದಿಂದ ಬರೆಯುತ್ತಿದ್ದೇನೆ. ಬಲಗೈಯಲ್ಲಿ ಸೂಜಿ ಇದೆ, ಅಕ್ಷರ ಕುಣಿಯುತ್ತದೆ.

ನಿನ್ನೆ ಮಧ್ಯಾಹ್ನದ ಆಟ. ಥಿಯೇಟರ್ ತುಂಬಿತ್ತು. ಮೊದಲ ಅಂಕ ಹೇಗೆ ದಾಟಿದೆನೋ ಗೊತ್ತಿಲ್ಲ. ಎರಡನೆಯದರಲ್ಲಿ ನಾನು ಸಿಂಹಾಸನದ ಮೇಲಿಂದ ಯುದ್ಧ ಸಾರಬೇಕು. ಎದ್ದು ನಿಂತೆ. ದೀಪಗಳ ಹಿಂದೆ ಕತ್ತಲು, ಕತ್ತಲ ತುಂಬ ತಲೆಗಳು, ನನ್ನ ತಲೆಯೊಳಗೆ ಒಂದಕ್ಷರವಿಲ್ಲ. ಸೈಡ್‌ವಿಂಗಿನಿಂದ ಇವಳು ಎತ್ತಿಕೊಟ್ಟಳು. ಮತ್ತೆ ಕೊಟ್ಟಳು. ಮೂರನೆಯ ಸಲ ಅವಳ ದನಿ ಮುಂದಿನ ಸಾಲಿಗೂ ಕೇಳಿಸಿತು. ಕೊನೆಗೆ ನನ್ನ ಬಾಯಿಂದ ಹೊರಟದ್ದು ನಾಲ್ಕನೆಯ ಅಂಕದ ಮಾತು. ಸಿಂಹಾಸನದ ಮೇಲೆ ನಿಂತು, ನನ್ನನ್ನು ಕೋಟೆಯೊಳಗೆ ಬಿಟ್ಟುಕೊಳ್ಳಿ ಎಂದು ಬೇಡಿದೆ.

ಕುಳ್ಳ ಒಂದು ಹೆಜ್ಜೆ ಮುಂದೆ ಬಂದು ತಲೆಬಾಗಿದ. "ಪ್ರಭು, ಆ ಕಾಲ ಇನ್ನೂ ಬಂದಿಲ್ಲ. ಇನ್ನೂ ಒಳಗೇ ಇದ್ದೇವೆ," ಎಂದ. ಜನ ಅದನ್ನು ಹಾಸ್ಯವೆಂದುಕೊಂಡು ಚಪ್ಪಾಳೆ ಹೊಡೆದರು. ಆಮೇಲೆ ನನ್ನ ಮಾತನ್ನೆಲ್ಲ ಅವನೇ ಪ್ರಶ್ನೆಯಾಗಿ ತಿರುಗಿಸಿ ಕೇಳಿದ, ನಾನು ಹೌದು ಹೌದು ಎಂದೆ. ಹಾಗೆ ಆಟ ಮುಗಿದು ಪರದೆ ಬಿತ್ತು.

ಗ್ರೀನ್‌ರೂಮಿನಲ್ಲಿ ಇವಳು ಕವಚ ಬಿಚ್ಚಿದಳು. ಬನಿಯನ್ನು ಮೈಗೆ ಅಂಟಿತ್ತು. ಕತ್ತರಿಯಿಂದ ಕತ್ತರಿಸಿದಳು. ಅದರಡಿ ಬಣ್ಣ ಕಂಡಿತು. ಅವಳಿಗೆ ಬಣ್ಣ ಗೊತ್ತಾಗದೆ ಇರುತ್ತದೆಯೇ. ಹತ್ತಿಗೆ ಎಣ್ಣೆ ಅದ್ದಿ ಮೆಲ್ಲಗೆ ಒರೆಸಿದಳು. ಮೈಬಣ್ಣ ಹೋಯಿತು, ಹಸಿರು ಹೋಯಿತು, ಕೆಂಪು ಬಂತು. ನಡುವೆ ಕಾಳಿನಷ್ಟು ತೂತು. ಅದರೊಳಗೆ ಬೂದು ಬಣ್ಣದ ಲೋಹ. ನನ್ನ ಪೆಟ್ಟಿಗೆಯನ್ನು ನಾನು ನೋಡಿದ್ದು ಅದೇ ಮೊದಲು.

ಇವಳು ಬೈಯಲಿಲ್ಲ. ಬೈದಿದ್ದರೆ ಉತ್ತರ ಸಿದ್ಧವಿತ್ತು. ಕೈ ಒರೆಸಿಕೊಂಡು ಕುಳ್ಳನಿಗೆ ಕಾರು ತರಲು ಹೇಳಿದಳು. ನಾಳೆಯಿಂದ ಮಹಾರಾಜನ ಮಾತು ಓದಿಕೋ ಎಂದಳು. ಅವನು ಓದಿಕೊಳ್ಳಲು ಏನೂ ಉಳಿದಿಲ್ಲ ಅಕ್ಕ ಎಂದ. ಎಲ್ಲ ಬರುತ್ತಿತ್ತು ಅವನಿಗೆ, ಅಷ್ಟೂ.

ಕಾರಿನಲ್ಲಿ, ಜ್ವರ ಇದೆಯಾ ಎಂದು ಕೇಳಿದಳು. ಸ್ವಲ್ಪ, ಎಂದೆ. ಆ ಮಾತಿಗೆ ಕಿವಿಗೊಡದೆ ಕೈ ಚಾಚಿ ಹಣೆ ಮುಟ್ಟಿ ನೋಡಿದಳು.

ಸೆಪ್ಟೆಂಬರ್ ೨೩, ಮಂಗಳವಾರ

ರಕ್ತದಲ್ಲಿಯೂ ಸೋಂಕು ಸಿಕ್ಕಿದೆ. ಡಾಕ್ಟರಮ್ಮ ಬೆಳಗ್ಗೆ ಬಂದು, ಬಾಗಿಲು ಮುಚ್ಚಿ, ನಿಂತೇ ಕೇಳಿದರು. ಹೋದ ಮಂಗಳವಾರ ನಾನೇ ನೋಡಿದ್ದೆ, ಚರ್ಮ ಸರಿಯಿತ್ತು, ಒಂದು ವಾರದಲ್ಲಿ ಇಷ್ಟಾಗುವುದು ಹೇಗೆ, ಯಾವಾಗ ಕೆಂಪಾಯಿತು?

ನಾನು ಅಭ್ಯಾಸಬಲದಿಂದ ಇವಳ ಕಡೆ ನೋಡಿದೆ. ಇವಳು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು.

"ಅಲ್ಲಿ ಎತ್ತಿಕೊಡ್ತೀನಿ," ಎಂದಳು. "ಇಲ್ಲಿ ಇಲ್ಲ. ಇಲ್ಲಿ ನಿಮ್ಮ ಮಾತು ನಿಮಗೇ ಗೊತ್ತು."

ಹೇಳಿದೆ. ಹನ್ನೆರಡನೇ ತಾರೀಖಿನಿಂದ. ಹಸಿರು, ಮೈಬಣ್ಣ, ಪೌಡರು, ಕಿಟಕಿಗೆ ಬೆನ್ನು. ಹೇಳುವಾಗ ದನಿ ಏರಲಿಲ್ಲ. ಉಸಿರು ಸಾಲಲಿಲ್ಲವೋ ಏನೋ.

ಡಾಕ್ಟರಮ್ಮನ ಮುಖ ಕೆಂಪಾಯಿತು. "ನಾನು ದಿನ ಮುಂದೆ ಹಾಕಿದ್ದು ನಿಮ್ಮ ಚರ್ಮ ನೋಡಿ," ಎಂದರು. "ಅದು ನಿಮ್ಮ ಚರ್ಮಾನೇ ಅಲ್ಲ." ಆಮೇಲೆ, ನಾನೂ ಇನ್ನಷ್ಟು ಸರಿಯಾಗಿ ನೋಡಬೇಕಿತ್ತು ಎಂದರು. ಆ ಮಾತು ಅವರು ಹೇಳಬೇಕಾಗಿರಲಿಲ್ಲ. ಅವರನ್ನು ಆ ಮಾತಿಗೆ ತಂದವನು ನಾನು.

ಪೆಟ್ಟಿಗೆಯನ್ನಷ್ಟೇ ತೆಗೆದು ತಂತಿ ಬಿಟ್ಟರೆ ಆಗದೇ ಎಂದು ಕೇಳಿದೆ. ಆಗುವುದಿಲ್ಲ. ಸೋಂಕು ತಂತಿಗಳನ್ನು ಹಿಡಿದುಕೊಂಡು ಒಳಗೇ ಕೂರುತ್ತದೆ, ಔಷಧಿ ನಿಲ್ಲಿಸಿದ ಕೂಡಲೇ ಮತ್ತೆ ಏಳುತ್ತದೆ. ಔಷಧಿಯಲ್ಲೇ ಕೆಲವು ವಾರ ನೋಡೋಣವೇ? ನೋಡಬಹುದು, ಅಷ್ಟರಲ್ಲಿ ಅದು ಹೃದಯದ ಕವಾಟಕ್ಕೆ ಹತ್ತಬಹುದು. ನಾಳೆ ಬೆಳಗ್ಗೆ ತೆಗೆಯಲು ಸಿದ್ಧ, ಸರ್ಜನ್ನೂ ಬಿಡುವಾಗಿದ್ದಾರೆ, ನೀವು ಒಪ್ಪಬೇಕು ಎಂದರು. ಯೋಚಿಸಿ ಹೇಳುತ್ತೇನೆ ಎಂದೆ. ಸಂಜೆಯೊಳಗೆ ಹೇಳಿ ಎಂದು ಹೋದರು.

ಯೋಚಿಸುವುದು ಏನಿತ್ತು? ಹೆದರಿಕೆ. ಅಷ್ಟೇ. ಮಂಚದಿಂದ ಎದ್ದೆ, ಔಷಧಿಯ ಕಂಬ ತಳ್ಳಿಕೊಂಡು ಬಾಗಿಲಿಗೆ ಹೋದೆ, ಬಂದೆ, ಹೋದೆ. ಕಂಬದ ಒಂದು ಚಕ್ರ ಕಿರುಗುಟ್ಟುತ್ತಿತ್ತು. ನಾಳ ಹರಿದರೆ ಏನಾಗುತ್ತದೆ ಎಂದು ಕೇಳಿಕೊಂಡಿದ್ದೆ. ಎದೆ ತೆರೆಯುತ್ತಾರೆ. ತೆರೆದರೂ ಕೆಲವರು ಉಳಿಯುವುದಿಲ್ಲ. ರಂಗದ ಮೇಲೆ ನಾನು ಸತ್ತ ಸಲಗಳಿಗೆ ಲೆಕ್ಕವಿಲ್ಲ. ಪ್ರತಿ ಸಲವೂ ಯಾವ ಕಡೆ ಬೀಳಬೇಕು ಎಂದು ಮೊದಲೇ ಗೊತ್ತಿರುತ್ತಿತ್ತು.

ನೀನು ಏನು ಹೇಳುತ್ತೀ ಎಂದು ಇವಳನ್ನು ಕೇಳಿದೆ.

"ಹದಿನೆಂಟನೇ ತಾರೀಖು ಹಣೆ ಮುಟ್ಟಕ್ಕೆ ಬಂದೆ," ಎಂದಳು. "ಮುಖ ತಿರುಗಿಸಿದ್ರಿ. ಇನ್ನು ನೀವು ಚೆನ್ನಾಗಿದೀನಿ ಅಂದ್ರೆ ಅದನ್ನ ಏನು ಮಾಡ್ಕೊಳ್ಳಲಿ ನಾನು? ಎಲ್ಲಿ ಇಟ್ಕೊಳ್ಳಲಿ?"

ಗಂಟೆ ಒತ್ತಿ ನರ್ಸನ್ನು ಕರೆದೆ. ನಾಳೆ ಬೆಳಗ್ಗೆಗೇ ಒಪ್ಪಿದೆ ಎಂದು ಡಾಕ್ಟರಿಗೆ ಹೇಳಿ ಎಂದೆ.

ಸೆಪ್ಟೆಂಬರ್ ೨೪, ಬುಧವಾರ

ಇನ್ನು ಸ್ವಲ್ಪ ಹೊತ್ತಿಗೆ ಒಯ್ಯುತ್ತಾರೆ. ಎದೆ, ತೊಡೆ ಎಲ್ಲ ಬೋಳಿಸಿದ್ದಾರೆ. ಕೊರಳಿನಿಂದ ಬೇರೆ ತಂತಿ ಹಾಕಿ ತಾಳ ಹಿಡಿಯುತ್ತಾರಂತೆ, ಆಮೇಲೆ ಇವನ್ನು ತೆಗೆಯುತ್ತಾರಂತೆ.

ಕುಳ್ಳ ಬಂದಿದ್ದ. ಚರ್ಮದ ಕವಚದ ಬದಲು ಬಟ್ಟೆಯದೇ ಹೊಲಿಸಿಕೊಂಡನಂತೆ. ದಿಂಬಿನ ಹಾಗೆ ಕಾಣ್ತೀನಿ ಭಾವ ಎಂದ. ನಕ್ಕೆ. ನಗುವಾಗ ನೋವಾಯಿತು.

ಇವಳು ಹೆದರಿಕೆ ಆಗ್ತಿದೆಯಾ ಎಂದು ಕೇಳಿದಳು. ಹೌದು, ಎಂದೆ.

ಸೆಪ್ಟೆಂಬರ್ ೨೮, ಭಾನುವಾರ

ಇದ್ದೇನೆ.

ಬಹಳ ಹೊತ್ತು ಹಿಡಿಯಿತಂತೆ. ತಂತಿಯ ಮೇಲೆಯೇ ಕೊಳವೆ ತೊಡಿಸಿ, ಅಂಟಿದ ಜಾಗವನ್ನು ಚೂರುಚೂರೇ ಬಿಡಿಸುತ್ತ ಇಳಿಯುತ್ತಾರೆ. ಮೊದಲನೆಯದು ಬಂತು. ಐದು ವರ್ಷದ್ದು ಸಲೀಸಾಗಿ ಬಂತು. ಮುಚ್ಚಳ ಹಾಕಿ ಬಿಟ್ಟಿದ್ದ ಹಳೆಯದು ಮಾತ್ರ ಹಟ ಹಿಡಿಯಿತು. ಒಂದು ಹಂತದಲ್ಲಿ ರಕ್ತದೊತ್ತಡ ಇಳಿದು, ಸರ್ಜನ್ ಎರಡು ಹೆಜ್ಜೆ ಮುಂದೆ ಬಂದರಂತೆ. ಆಮೇಲೆ ಅದು ತಾನಾಗಿಯೇ ಏರಿತಂತೆ. ತಂತಿ ಬಂತು, ಆದರೆ ತುದಿ ಮುರಿದು ಹೃದಯದ ಗೋಡೆಯಲ್ಲೇ ಉಳಿಯಿತು. ಉಗುರಿನ ಚೂರಿನಷ್ಟು.

ಇದನ್ನೆಲ್ಲ ಡಾಕ್ಟರಮ್ಮ ನನಗೆ ಹೇಳಲು ಬಂದಾಗ ಇವಳು ಔಷಧಿ ತರಲು ಹೋಗಿದ್ದಳು. ಅವಳು ಬರಲಿ, ಇಬ್ಬರಿಗೂ ಒಟ್ಟಿಗೆ ಹೇಳಿ ಎಂದೆ. ಡಾಕ್ಟರಮ್ಮ ಗೋಡೆಗೆ ಒರಗಿ ನಿಂತರು. ಪಾದ ಊದಿದ್ದವು, ಚಪ್ಪಲಿಯ ಪಟ್ಟಿ ಹೂತಿತ್ತು. ಸ್ಟೂಲು ಖಾಲಿಯಿತ್ತು, ಕೂತುಕೊಳ್ಳಿ ಎಂದೆ. ಕೂತರು. ಇವಳು ಬಂದ ಮೇಲೆ ಇಬ್ಬರಿಗೂ ಹೇಳಿದರು.

ಕೊರಳಿನ ತಂತಿ ಭುಜಕ್ಕೆ ಅಂಟಿಸಿದ ಪೆಟ್ಟಿಗೆಗೆ ಹೋಗುತ್ತದೆ. ಹೆಚ್ಚು ಓಡಾಡುವಂತಿಲ್ಲ. ಕಂಬ ಮೂಲೆಯಲ್ಲಿದೆ.

ಇವಳು ಮಲಗುತ್ತಿಲ್ಲ. ನಾನು ಕಣ್ಣು ಮುಚ್ಚಿದರೆ ಹಣೆ ಮುಟ್ಟುತ್ತಾಳೆ, ಬಟ್ಟೆ ಸರಿಸಿ ಗಾಯ ನೋಡುತ್ತಾಳೆ. ಜ್ವರವಿಲ್ಲ ಎಂದರೂ ನೋಡುತ್ತಾಳೆ. ನೋಡಲಿ ಎಂದು ಬಟ್ಟೆ ನಾನೇ ಸರಿಸಿಕೊಡುತ್ತೇನೆ.

ಕುಳ್ಳನ ಮಹಾರಾಜ ಹೇಗಿದ್ದಾನೆ ಎಂದು ಕೇಳಿದೆ. ಘರ್ಜಿಸುವುದಿಲ್ಲವಂತೆ. ಕೋಟೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳುತ್ತಾನಂತೆ. ಜನ ಉಸಿರು ಬಿಗಿಹಿಡಿದು ಕೇಳಿದರಂತೆ. ಎಷ್ಟು ಮೆಲ್ಲಗೆ ಎಂದು ಕೇಳಿದೆ. ಇವಳು ಮಾಡಿ ತೋರಿಸಿದಳು. ಇನ್ನೊಂದು ಸಲ ಹೇಳು ಎಂದೆ, ಹೇಳಿದಳು. ಚೆನ್ನಾಗಿದೆ.

ಅಕ್ಟೋಬರ್ ೩, ಶುಕ್ರವಾರ

ರಕ್ತ ಶುದ್ಧವಾಗಿದೆ ಎಂದು ಬೆಳಗ್ಗೆ ಗೊತ್ತಾಯಿತು. ಮುಂದಿನ ವಾರ ಬಲಗಡೆ ಹೊಸ ಪೆಟ್ಟಿಗೆ ಇಡುತ್ತಾರೆ.

ಉಳಿದ ಚೂರಿನ ಬಗ್ಗೆ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿದರು. ಎದೆ ತೆರೆದು ತೆಗೆಯಬಹುದು, ಅಥವಾ ಔಷಧಿ ಮುಂದುವರಿಸಿ ಕಾಯಬಹುದು. ಸೋಂಕು ಮತ್ತೆ ಎದ್ದರೆ ತೆರೆಯಲೇಬೇಕು. ಅವರಿಗೆ ಕಾಯುವುದೇ ಸರಿ ಎನಿಸುತ್ತದೆ. ಎದ್ದದ್ದು ನಮಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಚಳಿ, ಜ್ವರ, ಸುಸ್ತು. ಎಷ್ಟು ಚಳಿಯಾದರೆ ಹೇಳಬೇಕು? ಎಷ್ಟೇ ಆಗಲಿ. ಮನೆಗೆ ಹೋದ ಮೇಲೆ? ಮನೆಯಿಂದ ಫೋನ್ ಮಾಡಿ, ಬಂದುಬಿಡಿ. ಇವಳೂ ಎರಡು ಮೂರು ಪ್ರಶ್ನೆ ಕೇಳಿದಳು. ಇಬ್ಬರೂ ಕಾಯೋಣ ಎಂದೆವು.

"ಈ ಸಲ ದಿನ ಗೊತ್ತುಮಾಡೋದು ನನ್ನ ಕೈಲಿಲ್ಲ," ಎಂದರು ಡಾಕ್ಟರಮ್ಮ. "ನೀವು ಹೇಳಿದ್ರೆ ಮಾತ್ರ ನಂಗೆ ಗೊತ್ತಾಗೋದು."

ಮಧ್ಯಾಹ್ನ ಇವಳು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತವಳು ಹಾಗೇ ಒರಗಿ ನಿದ್ದೆಹೋದಳು. ಇಲ್ಲಿಗೆ ಬಂದ ಮೇಲೆ ಅವಳು ಹಾಗೆ ನಿದ್ದೆ ಮಾಡಿದ್ದನ್ನು ನೋಡಿರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು. ಅವಳನ್ನು ನೋಡುತ್ತ ಮಲಗಿದ್ದಾಗ ಬೆನ್ನಿನಲ್ಲಿ ಚಳಿಯ ಎಳೆಯೊಂದು ಹಾದುಹೋಯಿತು. ಮತ್ತೊಮ್ಮೆ ಹಾಯಿತು.

ಗಂಟೆ ಒತ್ತಿದೆ. ನರ್ಸ್ ಬಂದು ಜ್ವರ ನೋಡಿದರು, ಇರಲಿಲ್ಲ. ಆದರೂ ರಕ್ತ ತೆಗೆದುಕೊಂಡರು. ನನ್ನ ತಲೆಯ ಹಿಂದಿನ ಕಿಟಕಿ ತೆರೆದಿತ್ತು, ಅದನ್ನು ಮುಚ್ಚಿದರು. ಕಿಟಕಿಯದೇ ಇರಬೇಕು, ರಕ್ತದ ಫಲಿತಾಂಶ ಬರಲಿ ಎಂದು ಹೋದರು.

ಸದ್ದಿಗೆ ಇವಳಿಗೆ ಎಚ್ಚರವಾಗಿತ್ತು. ಏನಾಯಿತು ಎಂದು ಕೇಳಿದಳು. ಎರಡು ಸಲ ಚಳಿಯಾಯಿತು, ಜ್ವರ ಇಲ್ಲವಂತೆ, ರಕ್ತ ಕಳಿಸಿದ್ದಾರೆ ಎಂದೆ.

"ಯಾವಾಗಿಂದ?"

"ಈಗಷ್ಟೇ. ಆದ ತಕ್ಷಣ ಕರೆದೆ."

ನನ್ನ ಮುಖ ನೋಡಿದಳು. ಎದ್ದು ಬರುತ್ತಾಳೆಂದು ಹಣೆಯ ಮೇಲಿನ ಕೂದಲು ಸರಿಸಿಕೊಂಡೆ. ಬರಲಿಲ್ಲ. ಸರಿ ಎಂದಳು. ಬೆಂಚಿನ ಮೇಲೆ ಕಾಲು ಮಡಿಸಿಕೊಂಡು, ಗೋಡೆಯ ಕಡೆ ಹೊರಳಿ, ಮತ್ತೆ ಮಲಗಿದಳು.